ಎಮ್ಮೆಗೆ ಬಿಳಿ ಕಲೆ, ನಮಗೆ ತೊನ್ನು

(ಬೀದರ, ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಸಂಘಗಳ ಸದಸ್ಯರ ಸಭೆಯಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಈ ಸಲ ಕಾಲುಬಾಯಿ ಜ್ವರವೂ ಅಲ್ಲ, ಕೆಚ್ಚಲು ಬಾವೂ ಅಲ್ಲ, ತೊನ್ನಿನ ವಿಷಯ ಮಾತನಾಡುತ್ತೇನೆ. ದನದ ಡಾಕ್ಟರಿಗೆ ಮನುಷ್ಯರ ಕಾಯಿಲೆಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಎಮ್ಮೆಯ ಮೈಮೇಲೆ ಬಿಳಿ ಕಲೆ ಬಿದ್ದರೆ ನೀವು ಅದನ್ನು ಹೊಡೆದುಕೊಂಡು ಬಂದು ಎಲ್ಲರ ಎದುರಿಗೇ ತೋರಿಸುತ್ತೀರಿ. ಅಂಥದೇ ಕಲೆ ತಮ್ಮ ಕೈಮೇಲಿದ್ದವರು ಸೆರಗಿನಲ್ಲಿ ಕೈ ಮುಚ್ಚಿಕೊಂಡು ಹಿಂದೆ ನಿಲ್ಲುತ್ತಾರೆ. ಅದಕ್ಕೇ ಈ ಮಾತು.

ಮೊದಲು ಎಮ್ಮೆಯದು ಮುಗಿಸೋಣ. ಚರ್ಮಕ್ಕೆ ಕಪ್ಪು ಬಣ್ಣ ತಯಾರಾಗಲು ತಾಮ್ರದ ಅಂಶ ಬೇಕು. ಮೇವಿನಲ್ಲಿ ಅದು ಕಡಿಮೆಯಾದರೆ ಎಮ್ಮೆಯ ಮೈ ಅಲ್ಲಲ್ಲಿ ಬೆಳ್ಳಗಾಗಬಹುದು. ವೈದ್ಯರ ಸಲಹೆಯಂತೆ ತಾಮ್ರದ ಔಷಧ, ಖನಿಜ ಮಿಶ್ರಣ ಕೊಟ್ಟರೆ ಅನೇಕ ಎಮ್ಮೆಗಳಲ್ಲಿ ಬಣ್ಣ ಮರಳುತ್ತದೆ. ಆ ಕಲೆಯಿಂದ ಹಾಲಿನ ಫ್ಯಾಟಿಗಾಗಲಿ ಎಸ್‌ಎನ್‌ಎಫ್‌ಗಾಗಲಿ ಬಾಧಕವಿಲ್ಲ. ಅದು ಎಮ್ಮೆಯ ಹಿಂದಿನ ಜನ್ಮದ ಪಾಪ ಎಂದು ಯಾರೂ ಅನ್ನುವುದಿಲ್ಲ. ನಮ್ಮ ದೇವಣಿ ದನಗಳಲ್ಲಂತೂ ಪೂರ್ತಿ ಬಿಳಿಯದಕ್ಕೆ ಬಾಲಂಕ್ಯಾ, ಮುಖ ಕಪ್ಪಿದ್ದರೆ ವಾನ್ನೇರಾ, ಕಪ್ಪು ಬಿಳಿ ಮಚ್ಚೆಯದಕ್ಕೆ ಶೇವರಾ ಎಂದು ಹೆಸರಿಟ್ಟು ಮೆಚ್ಚುತ್ತೇವೆ.

ಮನುಷ್ಯರ ತೊನ್ನಿಗೆ ಕಾರಣ ಬೇರೆ. ಲಸಿಕೆ ಹಾಕಿಸುವುದು ಏಕೆಂದು ನಿಮಗೆ ಗೊತ್ತು. ರೋಗಾಣು ಬಂದರೆ ಹೊಡೆದೋಡಿಸಲು ಮೈಯೊಳಗಿನ ಕಾವಲುಗಾರರನ್ನು ತಯಾರು ಮಾಡುತ್ತೇವೆ. ಕೆಲವರಲ್ಲಿ ಈ ಕಾವಲುಗಾರರು ಮನೆಯವರನ್ನೇ ಕಳ್ಳರೆಂದು ತಿಳಿದು ಹೊಡೆಯುತ್ತಾರೆ. ಕೀಲುಗಳ ಮೇಲೆ ಬಿದ್ದರೆ ಅದು ಒಂದು ಬಗೆಯ ಸಂಧಿವಾತ. ಚರ್ಮಕ್ಕೆ ಬಣ್ಣ ಕೊಡುವ ಕಣಗಳ ಮೇಲೆ ಬಿದ್ದರೆ ತೊನ್ನು. ಇದರಲ್ಲಿ ರೋಗಾಣು ಇಲ್ಲ, ಆದ್ದರಿಂದ ಮುಟ್ಟಿದರೆ, ಜೊತೆಗೆ ಉಂಡರೆ ಅಂಟುವುದಿಲ್ಲ. ಇದು ಕುಷ್ಠವೂ ಅಲ್ಲ. ಕುಷ್ಠದ ಕಲೆಯಲ್ಲಿ ಸ್ಪರ್ಶಜ್ಞಾನ ಕುಂದುತ್ತದೆ, ತೊನ್ನಿನ ಕಲೆಯಲ್ಲಿ ಇರುವೆ ಹರಿದರೂ ಗೊತ್ತಾಗುತ್ತದೆ. ಕುಷ್ಠಕ್ಕೂ ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧವಿದೆ, ಗುಣವಾಗುತ್ತದೆ.

ದೀರ್ಘಕಾಲದ ಕಾಯಿಲೆ ಬಂದಾಗ ರೋಗಿ ತನ್ನೊಳಗೇ ಕೆಲವು ಪ್ರಶ್ನೆ ಕೇಳಿಕೊಳ್ಳುತ್ತಾನೆ ಎಂದು ಅಮೆರಿಕದ ಮನೋವಿಜ್ಞಾನಿ ಹೋವರ್ಡ್ ಲೆವೆಂಥಾಲ್ ವಿವರಿಸಿದ್ದಾರೆ. ಇದು ಏನು? ಏಕೆ ಬಂತು? ಎಷ್ಟು ದಿನ ಇರುತ್ತದೆ? ಇದರಿಂದ ನನ್ನ ಬಾಳು ಏನಾದೀತು? ಇದಕ್ಕೆ ಏನಾದರೂ ಮಾಡಲು ಬರುತ್ತದೆಯೇ? ನಮ್ಮ ಹಳ್ಳಿಗಳಲ್ಲಿ ಸಿಗುವ ಉತ್ತರ ಕೇಳಿ. ಇದು ಬಿಳಿ ಕುಷ್ಠ. ಪಾಪದಿಂದ ಬಂತು, ಇಲ್ಲವೇ ಮೀನು ತಿಂದು ಹಾಲು ಕುಡಿದದ್ದರಿಂದ ಬಂತು. ಹೋಗುವುದಿಲ್ಲ. ಮಗಳ ಮದುವೆ ಆಗುವುದಿಲ್ಲ. ಇಷ್ಟು ನಂಬಿದ ಹೆಂಗಸು ಆಸ್ಪತ್ರೆಗೆ ಏಕೆ ಹೋದಾಳು? ಕಲೆಗೆ ನೋವಿಲ್ಲ, ತುರಿಕೆಯೂ ಸಾಮಾನ್ಯವಾಗಿ ಇಲ್ಲ. ಆಕೆ ಸೊರಗುವುದು ಈ ಉತ್ತರಗಳಿಂದ.

ಮೀನು ಹಾಲಿನ ಮಾತು ನಮಗೆ ನೇರವಾಗಿ ತಟ್ಟುತ್ತದೆ. ದಿನವೂ ಕ್ಯಾನು ತುಂಬಿಸುವ ತಾಯಿ ತಾನು ಮಾತ್ರ ಹಾಲು, ಮೊಸರು, ಮಜ್ಜಿಗೆ ಬಿಟ್ಟು ಕೂರುತ್ತಾಳೆ. ಹಾಲಿನಿಂದ ತೊನ್ನು ಬರುವುದಿಲ್ಲ, ಬಿಟ್ಟರೆ ಹೋಗುವುದೂ ಇಲ್ಲ. ನಷ್ಟ ಆಕೆಯ ಎಲುಬಿಗೆ.

2003ರಲ್ಲಿ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಚರ್ಮವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ತೊನ್ನಿನಿಂದ ತಮ್ಮ ದಿನನಿತ್ಯದ ಬಾಳು ಹೆಚ್ಚು ಕೆಟ್ಟಿದೆ ಎಂದವರಲ್ಲಿ ಚಿಕಿತ್ಸೆಯ ಫಲವೂ ಕಡಿಮೆ ಕಂಡಿತು. ಮನಸ್ಸು ಕುಗ್ಗಿದ್ದಕ್ಕೇ ಔಷಧ ಹತ್ತಲಿಲ್ಲ ಎಂದು ಇದರ ಅರ್ಥವಲ್ಲ. ಎರಡೂ ಜೊತೆಗೇ ನಡೆಯುತ್ತವೆ, ಆದ್ದರಿಂದ ಎರಡನ್ನೂ ನೋಡಬೇಕು ಎಂದಷ್ಟೇ ನಾನು ತಿಳಿಯುತ್ತೇನೆ.

ಆದರೆ ರೋಗಿಯ ತಿಳುವಳಿಕೆಯೊಂದೇ ಸಾಲದು. ಭಾಲ್ಕಿ ಕಡೆಯ ಒಬ್ಬ ತಾಯಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು. ನಸುಕಿನಲ್ಲೇ ಹಾಲು ತರುತ್ತಿದ್ದಳು, ಯಾರಾದರೂ ಕೇಳಿದರೆ ಕೈ ಚಾಚಿಯೇ ಉತ್ತರ ಹೇಳುತ್ತಿದ್ದಳು. ಒಂದು ದಿನ ಸಂಘದಲ್ಲಿ, "ನಾಳೆಯಿಂದ ಮಗನ ಕೈಲಿ ಹಾಲು ಕಳಿಸವ್ವಾ" ಅಂದರು. ಆಮೇಲೆ ಆಕೆ ಬರುವುದನ್ನೇ ಬಿಟ್ಟಳು. ಕಾರ್ಯದರ್ಶಿಗಳಿಗೆ ಸ್ಪಷ್ಟವಾಗಿ ಹೇಳುತ್ತೇನೆ, ನೀವು ಪರೀಕ್ಷಿಸಬೇಕಾದದ್ದು ಹಾಲನ್ನು. ತಂದವರ ಚರ್ಮಕ್ಕೆ ಲ್ಯಾಕ್ಟೋಮೀಟರ್ ಇಲ್ಲ.

ಸಂಬಂಧ ನೋಡುವವರಿಗೂ ಒಂದು ಮಾತು. ಮನೆತನದಲ್ಲಿ ತೊನ್ನಿದ್ದರೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು, ನಿಜ. ಆದರೆ ತಾಯಿಗಿದ್ದರೆ ಮಕ್ಕಳಿಗೆ ಬಂದೇ ಬರುತ್ತದೆ ಎಂಬುದು ಸುಳ್ಳು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಕಾರಣವಾಗಿದ್ದ ಕುಷ್ಠವನ್ನೇ 2019ರಲ್ಲಿ ತೆಗೆದುಹಾಕಿದರು. ತೊನ್ನಿನ ಹೆಸರಂತೂ ಅದರಲ್ಲಿ ಎಂದೂ ಇರಲಿಲ್ಲ.

ಚಿಕಿತ್ಸೆ ಇದೆ. ಹಚ್ಚುವ ಮುಲಾಮು, ಬೆಳಕಿನ ಚಿಕಿತ್ಸೆ, ಕಲೆ ಹರಡುವುದು ನಿಂತವರಿಗೆ ಚರ್ಮದ ಕಸಿ. ಮುಖದ ಕಲೆಗೆ ಬೇಗ ಬಣ್ಣ ಬರುತ್ತದೆ, ಬೆರಳ ತುದಿ ಮತ್ತು ತುಟಿಯದು ಹಟಮಾರಿ. ಲೆಕ್ಕ ತಿಂಗಳುಗಳದು, ದಿನಗಳದಲ್ಲ. ವಾರದಲ್ಲಿ ವಾಸಿ ಮಾಡುತ್ತೇನೆ ಎನ್ನುವವನಿಂದ ದೂರವಿರಿ. ಬಾವಂಚಿ ಬೀಜ ಅರೆದು ಹಚ್ಚಿಕೊಂಡು ಬಿಸಿಲಿಗೆ ಕೂತು ಬೊಬ್ಬೆ ಎಬ್ಬಿಸಿಕೊಳ್ಳಬೇಡಿ. ಎಮ್ಮೆಗೆ ಬಂದ ಗುಣ ನೋಡಿ ಮೈಲುತುತ್ತವನ್ನು ಮನುಷ್ಯರ ಬಾಯಿಗೆ ಹಾಕಲೇಬೇಡಿ, ಅದು ವಿಷ. ಕಲೆಯಾದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಹೊಲಕ್ಕೆ ಹೋಗುವಾಗ ತುಂಬುತೋಳಿನ ಬಟ್ಟೆ ಇರಲಿ. ಅದು ನಾಚಿಕೆಗಲ್ಲ, ಬಿಸಿಲಿಗೆ.

ಔರಾದ ಅಥವಾ ಭಾಲ್ಕಿಯ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಚರ್ಮವೈದ್ಯರ ಬಳಿ ಹೋಗಬಹುದು. ಕಲೆ ಯಾವಾಗ ಶುರುವಾಯಿತು, ಇಲ್ಲಿಯವರೆಗೆ ಏನೇನು ಹಚ್ಚಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಥೈರಾಯಿಡ್ ಪರೀಕ್ಷೆ ಬೇಕೇ ಎಂದು ಕೇಳಿ, ತೊನ್ನಿನ ಜೊತೆ ಅದರ ತೊಂದರೆಯೂ ಕೆಲವರಲ್ಲಿ ಇರುತ್ತದೆ. ಎಮ್ಮೆಯ ಕಲೆಗೆ ಮಾತ್ರ ನಮ್ಮನ್ನು ಕರೆಯಿರಿ.