ಟ್ಯೂಬು ಬಸ್ಸು ಹತ್ತಲಿ

(ಮಧುಗಿರಿಯಲ್ಲಿ ನಡೆದ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ವೈದ್ಯರು, ಲ್ಯಾಬ್ ಸಿಬ್ಬಂದಿ ಮತ್ತು ಕಿಡ್ನಿ ಕಸಿಯಾದವರ ಸಮಾವೇಶದ ಅಧ್ಯಕ್ಷ ಭಾಷಣ)



ಕಸಿಯಾದ ಕಿಡ್ನಿಯನ್ನು ದೇಹ ಒಪ್ಪಿದೆಯೇ ಎಂದು ತಿಳಿಯಲು ನಾವು ನಂಬಿರುವುದು ರಕ್ತದಲ್ಲಿನ ಕ್ರಿಯಾಟಿನಿನ್ ಅನ್ನು. ಅದು ಏರುವ ಹೊತ್ತಿಗೆ ಕಿಡ್ನಿಗೆ ಪೆಟ್ಟು ಬಿದ್ದಾಗಿರುತ್ತದೆ. ಒಳಗೆ ನುಗ್ಗಿದ ರೋಗನಿರೋಧಕ ಟಿ ಕೋಶಗಳು ಅದಕ್ಕೂ ಮೊದಲೇ ಕೆಲಸ ಶುರು ಮಾಡಿರುತ್ತವೆ. ಅದನ್ನು ಮೊದಲೇ ತಿಳಿಯುವ ದಾರಿ ಜೀನ್‌ಗಳಲ್ಲಿದೆ. ನಮ್ಮ ಕಣಜದಲ್ಲಿ ರಾಗಿ, ಅವರೆ, ಶೇಂಗಾ ಎಲ್ಲ ಬೀಜವೂ ಇರುತ್ತದೆ. ಹೊಲಕ್ಕೆ ಯಾವುದು ಬಿತ್ತು ಎಂಬುದನ್ನು ಮೊಳಕೆ ಹೇಳುತ್ತದೆ. ಕೋಶಗಳಲ್ಲಿ ಜೀನ್‌ಗಳೂ ಹಾಗೆಯೇ, ಆ ಮೊಳಕೆಯೇ ಎಂಆರ್‌ಎನ್‌ಎ. ಕಸಿ ಕಿಡ್ನಿ ತಿರಸ್ಕಾರವಾಗುತ್ತಿರುವವರ ಮೂತ್ರದ ಕೋಶಗಳಲ್ಲಿ ಪರ್ಫೊರಿನ್, ಗ್ರಾನ್‌ಜೈಮ್ ಬಿ ಎಂಬ ಕೋಶನಾಶಕ ಪ್ರೋಟೀನುಗಳ ಎಂಆರ್‌ಎನ್‌ಎ ಏರಿರುವುದನ್ನು ನ್ಯೂಯಾರ್ಕಿನ ಸಂಶೋಧಕರು 2001ರಲ್ಲಿ ತೋರಿಸಿದರು. 2013ರಲ್ಲಿ ಪ್ರಕಟವಾದ ಅಧ್ಯಯನ 485 ಮಂದಿಯ 4,300 ಮೂತ್ರದ ಮಾದರಿಗಳನ್ನು ನೋಡಿತು. ಬಯಾಪ್ಸಿಯಲ್ಲಿ ತಿರಸ್ಕಾರ ಕಾಣುವುದಕ್ಕೆ ಸುಮಾರು 20 ದಿನ ಮುಂಚಿನಿಂದಲೇ ಎಂಆರ್‌ಎನ್‌ಎ ಸೂಚನೆ ಏರುತ್ತಿತ್ತು. ಪರೀಕ್ಷೆ ಪೂರ್ತಿ ನಿಖರವಲ್ಲ, ಬಯಾಪ್ಸಿಯ ಸೂಜಿ ಇನ್ನೂ ತಪ್ಪಿಲ್ಲ. ಆದರೂ ಇಪ್ಪತ್ತು ದಿನ!

ಆ ಇಪ್ಪತ್ತು ದಿನವನ್ನು ನಾವು ಎಲ್ಲಿ ಕಳೆಯುತ್ತಿದ್ದೇವೆ? ರಸ್ತೆಯಲ್ಲಿ. ತಿರಸ್ಕಾರ ತಡೆಯುವ ಔಷಧಿ ಟ್ಯಾಕ್ರೋಲಿಮಸ್‌ನ ಮಟ್ಟ ನೋಡಲು ಬೆಳಗಿನ ಗುಳಿಗೆಗೆ ಮುಂಚೆ ರಕ್ತ ತೆಗೆಯಬೇಕು. ಪಾವಗಡದ ರೋಗಿ ಅದಕ್ಕಾಗಿ ನಸುಕಿಗೆ ಮುಂಚೆಯೇ ಬಸ್ಸು ಹಿಡಿದು ಸುಮಾರು 160 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗುತ್ತಾನೆ. ಹೊತ್ತಾಯಿತೆಂದು ದಾರಿಯಲ್ಲೇ ಗುಳಿಗೆ ನುಂಗಿದರೆ ವರದಿ ದಿಕ್ಕು ತಪ್ಪಿಸುತ್ತದೆ. ಒಂದು ದಿನದ ಕೂಲಿ, ಜೊತೆಗೆ ಬಂದವರ ಕೂಲಿ, ಚಾರ್ಜು, ಊಟ. ಎರಡು ಸಲ ಹೋಗುತ್ತಾನೆ, ಮೂರನೇ ಸಲ ಬಿಡುತ್ತಾನೆ. ನನ್ನ ಬಳಿಗೆ ಬರುತ್ತಿದ್ದ ಒಬ್ಬ ಹುಡುಗ ಹೀಗೇ ಬಿಟ್ಟ. ಶೇಂಗಾ ಕೀಳುವ ಕಾಲ. ಮತ್ತೆ ಬಂದಾಗ ಕಾಲು ಊದಿತ್ತು. ಕಿಡ್ನಿ ಕೊಟ್ಟಿದ್ದ ಅವನ ತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು: "ಸಾರ್, ಇನ್ನೊಂದನ್ನೂ ಕೊಡಬಹುದಾ?" ಆ ಪ್ರಶ್ನೆಗೆ ಉತ್ತರ ಹೇಳಿ ಮನೆಗೆ ಹೋದ ರಾತ್ರಿ ನಾನು ಮಲಗಲಿಲ್ಲ.

ಟ್ಯಾಕ್ರೋಲಿಮಸ್‌ಗೆ ಬೇಕಾದ ಇಡಿಟಿಎ ಟ್ಯೂಬು ನಮ್ಮ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇದೆ. ಅದರಲ್ಲಿ ತೆಗೆದ ರಕ್ತ ತಂಪಿನಲ್ಲಿ ದಿನಗಟ್ಟಲೆ ಕೆಡುವುದಿಲ್ಲ. ರೋಗಿಯನ್ನು ಕಳಿಸುವ ಬದಲು ಟ್ಯೂಬನ್ನು ಕಳಿಸೋಣ ಎಂದು ಒಂಬತ್ತು ವರ್ಷದ ಹಿಂದೆ ಒಂದು ಸಭೆಯಲ್ಲಿ ಕೇಳಿದೆ, ಜೀನ್ ಪರೀಕ್ಷೆಗೂ ಇದೇ ದಾರಿ ಎಂದೆ. "ಹಳ್ಳಿಯವರು ಗುಳಿಗೆಯನ್ನೇ ಸರಿಯಾಗಿ ನುಂಗಲ್ಲ, ಅವರಿಗೆ ಜೀನ್ ಯಾಕೆ ಸ್ವಾಮಿ?" ಎಂದರು ಒಬ್ಬರು. ಕಡತ ಅಲ್ಲೇ ಮುಚ್ಚಿತು. ಆ ಮಾತು ತಪ್ಪು ಎಂದು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಗುಳಿಗೆ ತಪ್ಪುವುದು ಅಸಡ್ಡೆಯಿಂದಲ್ಲ, ಅದು ಮುಗಿದಾಗ ಹತ್ತಿರದಲ್ಲಿ ಸಿಗದೆ.

ನನ್ನ ಬೇಡಿಕೆ ಇಷ್ಟು. ಸೋಮವಾರ, ಗುರುವಾರ ಬೆಳಗ್ಗೆ ಎಂಟಕ್ಕೆ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತ ತೆಗೆಯಬೇಕು. ಪಾವಗಡದ ಐಸ್ ಡಬ್ಬಿ ಹೊತ್ತ ಬೆಂಗಳೂರು ಬಸ್ಸು ಮಧುಗಿರಿ, ಕೊರಟಗೆರೆಯ ಡಬ್ಬಿಗಳನ್ನೂ ಹತ್ತಿಸಿಕೊಳ್ಳಲಿ. ಶಿರಾದ್ದು ಹೆದ್ದಾರಿಯಲ್ಲಿ ಹೋಗಲಿ. ಕೆಎಸ್‌ಆರ್‌ಟಿಸಿ 2021ರಿಂದ 'ನಮ್ಮ ಕಾರ್ಗೋ' ಪಾರ್ಸೆಲ್ ಸೇವೆ ನಡೆಸುತ್ತಿದೆ, ಅವರೊಡನೆ ಮಾತಾಡೋಣ. ವರದಿ ಮರುದಿನ ಸಂಜೆಯೊಳಗೆ ರೋಗಿಯ ಫೋನಿಗೆ ಬರಬೇಕು. ಎರಡು ತಿಂಗಳ ಗುಳಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ದಾಸ್ತಾನಿರಬೇಕು.

ಮೂತ್ರದ ಎಂಆರ್‌ಎನ್‌ಎ ಬೇಗ ಹಾಳಾಗುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳಕ್ಕೆ ಕೂತ ಕೋಶಗಳಿಗೆ ರಕ್ಷಕ ದ್ರಾವಣ ಹಾಕಿದರೆ ಅದೂ ದೂರ ಹೋಗಬಲ್ಲದು. ಲ್ಯಾಬ್ ಹುಡುಗರಿಗೆ ಕಲಿಸಲು ನಾನು ಸಿದ್ಧ. ಮುಂದೊಂದು ದಿನ ಆ ಪರೀಕ್ಷೆ ಮಧುಗಿರಿಯಲ್ಲೇ ಆಗಬೇಕು, ನಮ್ಮ ಬಯಲುಸೀಮೆಯವರ ಜೀನ್ ಅಭಿವ್ಯಕ್ತಿಯ ಅಧ್ಯಯನವೂ ಇಲ್ಲೇ ನಡೆಯಬೇಕು. ಅದಕ್ಕೆ ಹಣ ಎಲ್ಲಿಂದ ಎಂದು ಕೇಳಬೇಡಿ, ನನ್ನಲ್ಲಿ ಉತ್ತರವಿಲ್ಲ; ಆಸೆ ಇದೆ.

ಮೊದಲ ಡಬ್ಬಿ ಮುಂದಿನ ತಿಂಗಳ ಮೊದಲ ಸೋಮವಾರ ಹೊರಡಬೇಕು. ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ಅಂದು ಬೆಳಗ್ಗೆ ನಾನಿರುತ್ತೇನೆ. ಬರುವವರು ಈಗಲೇ ಹೆಸರು ಬರೆಸಿ.