ನಮ್ಮ ತೋಟದಲ್ಲಿ ದಕ್ಷಿಣ ಅಮೆರಿಕ
(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆಂದು ನೀವು ಅಂದುಕೊಂಡಿರಬಹುದು. ಆದರೆ ನಾನು ಹೇಳಬೇಕೆಂದಿರುವುದು ಒಬ್ಬ ಸಸ್ಯಶಾಸ್ತ್ರ ಪ್ರಾಧ್ಯಾಪಕರ ಬಗ್ಗೆ, ಮತ್ತೆ ಈ ಶಾಲೆಯಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ.

ಒಂಬತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಸರ್ ವಾರಕ್ಕೊಮ್ಮೆ ನಮ್ಮನ್ನು ಶಾಲೆಯ ಹಿಂದಿನ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಒಂದು ಎಲೆಯನ್ನೋ ಹೂವನ್ನೋ ಕೈಗೆ ಕೊಟ್ಟು, "ಮೊದಲು ನೋಡಿ, ಆಮೇಲೆ ಹೇಳಿ" ಎನ್ನುತ್ತಿದ್ದರು. ನನಗೆ ಅಂಕದ ಚಿಂತೆ. "ನೋಟ್ಸ್ ಕೊಡುವುದಿಲ್ಲ, ಪೋರ್ಶನ್ ಮುಗಿಯುವುದಿಲ್ಲ" ಎಂದು ಅಪ್ಪನ ಹತ್ತಿರ ದೂರು ಹೇಳಿದೆ. ಅಪ್ಪ ಪೋಷಕರ ಸಭೆಯಲ್ಲಿ ಅದನ್ನೇ ಹೇಳಿದರು. ಮರುವಾರದಿಂದ ಗುಡ್ಡ ಹತ್ತುವುದು ನಿಂತಿತು, ಬೋರ್ಡಿನ ತುಂಬ ನೋಟ್ಸ್ ಬಂತು. ದೂರು ಹೇಳಿದವ ಯಾರೆಂದು ಸರ್ ಒಮ್ಮೆಯೂ ಕೇಳಲಿಲ್ಲ. ನನಗೆ ಅಂಕವೇನೋ ಬಂತು. ಆದರೆ ಆ ನೋಟ್ಸಿನ ಒಂದು ಸಾಲೂ ಈಗ ನೆನಪಿಲ್ಲ. ಗುಡ್ಡದಲ್ಲಿ ನೋಡಿದ್ದು ನೆನಪಿದೆ.

ಕೆಲಸಕ್ಕೆ ಸೇರಿದ ಮೇಲೆ ರೂಮಿನ ಗೆಳೆಯನ ಹತ್ತಿರ 'ಹಸುರು ಹೊನ್ನು' ಪುಸ್ತಕ ಸಿಕ್ಕಿತು. ಬರೆದವರು ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿ.ಯವರ ಮಗ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟದ ಕಾಡು ಅಲೆದ ಕಥೆ ಅದು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದುತ್ತಾ ಹೋದ ಹಾಗೆ ನಗು ಬಂತು. ಮುಗಿಸುವಾಗ ನಮ್ಮ ಸರ್ ನೆನಪಾಗಿ ನಗು ನಿಂತಿತು. ಇದೇ ಸ್ವಾಮಿಯವರ 'ಕಾಲೇಜು ರಂಗ'ವನ್ನು ಪುಟ್ಟಣ್ಣ ಕಣಗಾಲರು 1976ರಲ್ಲಿ ಸಿನಿಮಾ ಮಾಡಿದರು. ವಿಜ್ಞಾನಿಯೊಬ್ಬರ ಬರವಣಿಗೆ ಟಾಕೀಸಿನವರೆಗೂ ಹೋಗಿತ್ತು ಎಂದರೆ ಈಗ ಆಶ್ಚರ್ಯವಾಗುತ್ತದೆ.

ಅವರ ಇನ್ನೊಂದು ಪುಸ್ತಕ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ನಾವು ನಮ್ಮದೇ ಎಂದು ತಿನ್ನುವ ಎಷ್ಟೋ ಪದಾರ್ಥ ಆ ಕಡೆಯಿಂದ ಬಂದದ್ದು. ಅದನ್ನು ಓದಿ ಊರಿಗೆ ಬಂದವನು ನಮ್ಮ ತೋಟವನ್ನೇ ಬೇರೆ ಕಣ್ಣಿನಿಂದ ನೋಡಿದೆ. ಸುಳ್ಯ, ಕಡಬದ ರಬ್ಬರು ಅಮೆಜಾನ್ ಕಾಡಿನದು. ಗೇರು ಪೋರ್ಚುಗೀಸರ ಜೊತೆ ಬ್ರೆಜಿಲಿನಿಂದ ಬಂದದ್ದು. ಇವತ್ತು ಅದರ ರಾಷ್ಟ್ರೀಯ ಸಂಶೋಧನಾ ಕೇಂದ್ರ ನಮ್ಮ ಪುತ್ತೂರಿನಲ್ಲಿದೆ. ಕೊಕ್ಕೊ ಕೂಡ ಆ ಕಡೆಯದೇ. 1986ರಲ್ಲಿ ಕ್ಯಾಂಪ್ಕೋದ ಚಾಕಲೇಟು ಕಾರ್ಖಾನೆ ಬಂದದ್ದೂ ಪುತ್ತೂರಿಗೇ. ನಮ್ಮ ಶಾಲೆಯ ಎಷ್ಟೋ ಮಕ್ಕಳ ಫೀಸು, ಚೀಲ, ಕೊಡೆ ಎಲ್ಲ ಈ ದೂರದ ನೆಂಟರ ದುಡ್ಡಿನಲ್ಲೇ ಬಂದದ್ದು. ಮಾತಿನಲ್ಲೂ ಇದರ ಗುರುತು ಇದೆ. ಕಾಳುಮೆಣಸಿಗೆ ನಾವು 'ಒಳ್ಳೆಮೆಣಸು' ಎನ್ನುತ್ತೇವೆ, ತುಳುವಿನಲ್ಲಿ 'ಎಡ್ಡೆ ಮುಂಚಿ'. ಅಮೆರಿಕದಿಂದ ಹೊಸ ಮೆಣಸು ಬಂದಾಗ, ಇಲ್ಲಿಯೇ ಹುಟ್ಟಿದ ಹಳಬನಿಗೆ ಅಜ್ಜಂದಿರು 'ಒಳ್ಳೆ' ಎಂಬ ಬಿರುದು ಕೊಟ್ಟಿರಬೇಕು ಎಂದು ನನ್ನ ಊಹೆ.

ಈಗ ನನ್ನ ಇನ್ನೊಂದು ತಪ್ಪು. 'ಲಕ್ಷ್ಮಣಫಲ ತಿಂದರೆ ಕ್ಯಾನ್ಸರ್ ಗುಣ' ಎಂಬ ವಾಟ್ಸಾಪ್ ಸಂದೇಶವನ್ನು ಪೂರ್ತಿ ಓದದೆ ಕುಟುಂಬದ ಗುಂಪಿಗೆ ಕಳುಹಿಸಿದೆ. ಚಿಕ್ಕಮ್ಮ ಫೋನು ಮಾಡಿ, "ಬಿ.ಇ. ಓದಿದವ ನೀನೇ ಕಳಿಸಿದ್ದಲ್ವಾ, ನಿಜವೇ ಇರಬೇಕು. ನೆರೆಮನೆಯವರಿಗೂ ಹೇಳಿದೆ, ಪಾಪ ಅವರಿಗೆ ಕಾಯಿಲೆ" ಎಂದರು. ಎದೆ ಧಸಕ್ಕೆಂದಿತು. ಪ್ರಯೋಗಾಲಯದ ತಟ್ಟೆಯಲ್ಲಿ ಜೀವಕೋಶ ಸಾಯುವುದು ಬೇರೆ, ಮನುಷ್ಯನ ಕಾಯಿಲೆ ಗುಣವಾಗುವುದು ಬೇರೆ. ನೆರೆಮನೆಗೇ ಫೋನು ಮಾಡಿ, ಆಸ್ಪತ್ರೆಯ ಔಷಧಿ ಬಿಡಬೇಡಿ ಎಂದು ಹೇಳಿದೆ. ಅಂದ ಹಾಗೆ ಲಕ್ಷ್ಮಣಫಲವೂ ಅಮೆರಿಕ ಖಂಡದ್ದೇ, ಹೆಸರು ಮಾತ್ರ ರಾಮಾಯಣದ್ದು. ನೋಡದೆ ಹೇಳುವ ಚಾಳಿ ನನಗೆ ಎಲ್ಲಿಂದ ಬಂತು? ಬೋರ್ಡಿನಲ್ಲಿದ್ದದ್ದನ್ನು ನೋಡಿ ಬರೆದುಕೊಂಡರೆ ಸಾಕು ಎಂದು ಹಟ ಹಿಡಿದವನು ನಾನೇ ಅಲ್ಲವೇ?

ನಮಗೆ ಪುಸ್ತಕಕ್ಕೂ ಬರವಿಲ್ಲ. ಪುತ್ತೂರಿನ ಬಾಲವನದಲ್ಲಿದ್ದ ಶಿವರಾಮ ಕಾರಂತರು 'ಬಾಲಪ್ರಪಂಚ'ದ ಮೂರು ಸಂಪುಟ, 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ ಬರೆದಿಟ್ಟಿದ್ದಾರೆ. ಗೆಳೆಯರು ಶಾಲೆಗೆ ಕಂಪ್ಯೂಟರ್ ಕೊಡುತ್ತಿದ್ದಾರೆ, ಸಂತೋಷ. ನನ್ನ ಪಾಲಿನದಾಗಿ ಸ್ವಾಮಿಯವರ, ಕಾರಂತರ ಪುಸ್ತಕಗಳನ್ನೂ 20 ಭೂತಕನ್ನಡಿಗಳನ್ನೂ ತಂದಿದ್ದೇನೆ. ಭೂತಕನ್ನಡಿ ಬೀರುವಿನಲ್ಲಿ ಬೀಗ ಹಾಕಿ ಇಡಲಿಕ್ಕಲ್ಲ, ಗುಡ್ಡಕ್ಕೆ ಒಯ್ಯಲಿಕ್ಕೆ. ಒಡೆದರೆ ಮತ್ತೆ ತಂದುಕೊಡುತ್ತೇನೆ.

ಪೋಷಕರಲ್ಲಿ ಒಂದು ವಿನಂತಿ. ಮಕ್ಕಳು ಬಂದು "ಸರ್ ನೋಟ್ಸ್ ಕೊಡದೆ ಗುಡ್ಡಕ್ಕೆ ಕರೆದುಕೊಂಡು ಹೋದರು" ಎಂದರೆ ಶಾಲೆಗೆ ಓಡಿ ಬರಬೇಡಿ. "ಅಲ್ಲಿ ಏನು ನೋಡಿದೆ?" ಎಂದು ಕೇಳಿ.

ನಮ್ಮ ಸರ್ ನಿವೃತ್ತರಾಗಿ, ಇವತ್ತು ಎದುರಿನ ಸಾಲಿನಲ್ಲಿ ಕೂತಿದ್ದಾರೆ. ಸರ್, ಅವತ್ತು ದೂರು ಹೇಳಿದವ ನಾನು. ನಿಮಗೆ ಮೊದಲೇ ಗೊತ್ತಿತ್ತೋ ಏನೋ. ಕ್ಷಮಿಸಬೇಕು. ಸಭೆ ಮುಗಿದ ಮೇಲೆ, ನಿಮ್ಮ ಕಾಲಿಗೆ ಕಷ್ಟವಿಲ್ಲದಿದ್ದರೆ, ಈ ಮಕ್ಕಳನ್ನೂ ಕರೆದುಕೊಂಡು ಒಮ್ಮೆ ಹಿಂದಿನ ಗುಡ್ಡಕ್ಕೆ ಹೋಗಿ ಬರೋಣ.