ಸಂಶೋಧನೆಗೆ ದುಡ್ಡು ಯಾರು ಕೊಡುತ್ತಾರೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್‌ನವನು ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರಬಹುದು. ನಾನು ಮಾತಾಡುವುದು ದುಡ್ಡಿನ ಬಗ್ಗೆ. ಸಂಬಳವಲ್ಲ, ಸಂಶೋಧನೆಗೆ ಸಿಗುವ ದುಡ್ಡು.

ಬಿ.ಇ. ಕೊನೆಯ ವರ್ಷದಲ್ಲಿ ನಾವು ನಾಲ್ಕು ಜನ ಸೇರಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ನಮ್ಮದು ಹುಳು ಸಾಕುವ ಮನೆ, ನಿಮಗೆಲ್ಲ ಗೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಮನೆಯಲ್ಲಿ ಶಾಖ 24–25 ಡಿಗ್ರಿ, ತೇವಾಂಶ 70ರ ಆಸುಪಾಸು ಇರಬೇಕು. ಅದನ್ನು ಅಳೆದು ತಿಳಿಸುವ ಒಂದು ಸಣ್ಣ ಯಂತ್ರ ಮಾಡೋಣ ಎಂದುಕೊಂಡೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದೆ, 1975ರಲ್ಲಿ ಶುರುವಾದದ್ದು. ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಅದು ಸಣ್ಣ ಅನುದಾನ ಕೊಡುತ್ತದೆ. ಅರ್ಜಿ ಬರೆದು ನಮ್ಮ ಗೈಡ್ ಮೇಷ್ಟ್ರಿಗೆ ತೋರಿಸಿದೆ. ಅವರು ಓದಿ, "ಇದನ್ನು ಕಳಿಸಿದರೆ ಒಂದು ರೂಪಾಯಿಯೂ ಬರಲ್ಲಪ್ಪ" ಅಂದರು.

ಅವರು ಹೇಳಿದ್ದು ಸರಿಯಾಗಿತ್ತು. ಮೊದಲ ಪುಟ ಪೂರ್ತಿ ರೇಷ್ಮೆಯ ಇತಿಹಾಸ, ದೇಶದ ಆರ್ಥಿಕತೆ, ರೈತ ದೇಶದ ಬೆನ್ನೆಲುಬು ಅನ್ನುವ ಮಾತು. ನಾವು ಏನು ಮಾಡುತ್ತೇವೆ ಅನ್ನುವುದು ಎಲ್ಲೂ ಇರಲಿಲ್ಲ. ಮೇಷ್ಟ್ರು ಕೇಳಿದರು: ನಿಮ್ಮ ಯಂತ್ರದಿಂದ ಉಪಯೋಗವಾಯಿತು ಅಂತ ಹೇಗೆ ತಿಳಿಯುತ್ತೀರಿ?

ಆ ವಾರ ಊರಿಗೆ ಬಂದಾಗ ಅಮ್ಮನನ್ನು ಕೇಳಿದೆ, ಹುಳು ಮನೆ ಒಣಗಿದೆ ಅಂತ ನಿನಗೆ ಹೇಗೆ ಗೊತ್ತಾಗುತ್ತಮ್ಮ? "ಹಾಕಿದ ಸೊಪ್ಪು ಎಷ್ಟು ಬೇಗ ಬಾಡುತ್ತೆ ಅಂತ ನೋಡ್ತೀನಿ, ಕಿಟಕಿಗೆ ಗೋಣಿಚೀಲ ನೆನೆಸಿ ಕಟ್ತೀನಿ" ಅಂದಳು. ಅಲ್ಲಿಂದ ಅರ್ಜಿ ಬದಲಾಯಿತು. ಒಂದೇ ದಿನ ಚಾಕಿ ಎದ್ದ ಹುಳುವನ್ನು ಎರಡು ಮನೆಯಲ್ಲಿ ಸಾಕುವುದು, ಒಂದರಲ್ಲಿ ಯಂತ್ರ, ಇನ್ನೊಂದರಲ್ಲಿ ಅಮ್ಮನ ಅಂದಾಜು. ಕೊನೆಗೆ ಎರಡೂ ಕಡೆಯ ಗೂಡು ತೂಗುವುದು. ಖರ್ಚಿನ ಪಟ್ಟಿಯಲ್ಲಿ ಸೆನ್ಸರ್, ವೈರು, ಊರಿಗೆ ಓಡಾಡುವ ಬಸ್ ಚಾರ್ಜು. ಬಸ್ ಚಾರ್ಜು ಬರೆಯಲು ನಾಚಿಕೆ ಆಗಿತ್ತು. ಮೇಷ್ಟ್ರು ಬಿಡಲಿಲ್ಲ, "ನಿಜವಾದ ಖರ್ಚು ಬರೆದವನನ್ನೇ ನಂಬುತ್ತಾರೆ" ಅಂದರು. ಅನುದಾನ ಬಂತು. ಕೆಲವೇ ಸಾವಿರ ರೂಪಾಯಿ, ಅದೂ ಕಾಲೇಜಿನ ಲೆಕ್ಕಕ್ಕೆ. ಆದರೆ ನಮ್ಮ ಕೆಲಸ ನೋಡಿ ನಮಗೆ ಪರಿಚಯವೇ ಇಲ್ಲದವರು ಕೊಟ್ಟ ಮೊದಲ ಹಣ ಅದು. (ಗೂಡಿನ ತೂಕದಲ್ಲಿ ಅಮ್ಮನೇ ಗೆದ್ದಳು, ಸ್ವಲ್ಪದರಲ್ಲಿ.)

ಇನ್ನು ಹೇಳಲು ಕಷ್ಟವಾದ ಮಾತು. ಮೇಷ್ಟ್ರು ಮುಂದೆ ಎಂ.ಟೆಕ್., ಪಿಎಚ್.ಡಿ. ಮಾಡು ಅಂದರು. ಮನೆಯಲ್ಲಿ ಸಾಲ ಇತ್ತು. ಸಂಶೋಧನೆ ಅಂದರೆ ಐದಾರು ವರ್ಷ ಅಪ್ಪನ ಕೈಯಿಂದ ಓದುವುದು ಎಂದು ತಿಳಿದಿದ್ದೆ. ಯಾರನ್ನೂ ಕೇಳದೆ ಕೆಲಸಕ್ಕೆ ಸೇರಿಬಿಟ್ಟೆ. ಓದುವವರಿಗೇ ತಿಂಗಳು ತಿಂಗಳು ಹಣ ಕೊಡುತ್ತಾರೆ ಅನ್ನುವುದು ತಿಳಿದದ್ದು ಸೇರಿ ಎರಡು ವರ್ಷ ಆದಮೇಲೆ, ಕ್ಯಾಂಟೀನಿನಲ್ಲಿ, ಸಹೋದ್ಯೋಗಿಯೊಬ್ಬರ ಬಾಯಿಂದ.

ಆದ್ದರಿಂದ ಈ ಅಂಕಿಗಳನ್ನು ಇಲ್ಲಿರುವ ತಂದೆತಾಯಂದಿರು ದಯವಿಟ್ಟು ನೆನಪಿಡಿ. ಗೇಟ್ ಪರೀಕ್ಷೆ ಬರೆದು ಎಂ.ಟೆಕ್. ಸೇರಿದವರಿಗೆ ಈಗ ತಿಂಗಳಿಗೆ 12,400 ರೂಪಾಯಿ ಇದೆ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದು ಪಿಎಚ್.ಡಿ. ಸೇರಿದರೆ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಇದು ವಿಜ್ಞಾನದವರಿಗೆ ಮಾತ್ರ ಅಲ್ಲ. ಕನ್ನಡ ಎಂ.ಎ. ಮಾಡಿದವರಿಗೂ, ಇತಿಹಾಸ ಓದಿದವರಿಗೂ ಅಷ್ಟೇ ಹಣ. ಪರೀಕ್ಷೆ ಕಷ್ಟ, ಸುಳ್ಳು ಹೇಳುವುದಿಲ್ಲ. ಹಣ ಕೆಲವೊಮ್ಮೆ ತಡವಾಗಿಯೂ ಬರುತ್ತದೆ, ಮೊದಲ ಕೆಲವು ತಿಂಗಳಿಗೆ ಕೈಯಲ್ಲಿ ಸ್ವಲ್ಪ ಇಟ್ಟುಕೊಂಡಿರಬೇಕು. ಆದರೆ "ಓದಿಸಲು ನಮ್ಮ ಹತ್ತಿರ ದುಡ್ಡಿಲ್ಲ" ಅಂತ ಎಂ.ಎ. ಮುಗಿಸಿದ ಮಗಳನ್ನು ಮನೆಯಲ್ಲಿ ಕೂರಿಸುವ ಮೊದಲು ಈ ಪರೀಕ್ಷೆ ಒಮ್ಮೆ ಬರೆಸಿ.

ಕಾಲೇಜುಗಳಲ್ಲಿ ಪಾಠ ಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಂದೇ ಮಾತು. ಅನುದಾನ ಕೊಡುವ ಸಂಸ್ಥೆಗಳು ಹಿಂದೆ ಯಾವ ಯೋಜನೆಗೆ ಹಣ ಕೊಟ್ಟಿವೆಯೋ ಅದರ ಪಟ್ಟಿ ಹುಡುಕಿ ಓದಿ, ಆಮೇಲೆ ಅರ್ಜಿ ಬರೆಯಿರಿ. ಬರೆದದ್ದನ್ನು ನಿಮ್ಮ ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಿಸಿ. ಅವರಿಗೆ ಅರ್ಥವಾಗದಿದ್ದರೆ ಮತ್ತೆ ಬರೆಯಿರಿ.

ಈಗ ಮಕ್ಕಳೇ, ನಿಮ್ಮ ಸರದಿ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಅಂತ ಒಂದು ಯೋಜನೆ ಇದೆ. ಪ್ರತಿ ಶಾಲೆಯಿಂದ ಐದು ಮಕ್ಕಳ ವಿಚಾರ ಕಳಿಸಬಹುದು. ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. ಕನ್ನಡದಲ್ಲೇ ಬರೆಯಬಹುದು. ಶಾಲೆಯ ಕಡೆಯಿಂದ ಆನ್‌ಲೈನ್‌ನಲ್ಲಿ ಹಾಕಬೇಕು. ನಮ್ಮ ಮೇಷ್ಟ್ರುಗಳಿಗೆ ಬಿಸಿಯೂಟದ ಲೆಕ್ಕದಿಂದ ಹಿಡಿದು ಚುನಾವಣೆ ಕೆಲಸದವರೆಗೆ ನೂರೆಂಟು ಇದೆ. ಆ ಟೈಪಿಂಗ್ ಕೆಲಸ ನನಗೆ ಬಿಡಿ ಸಾರ್, ನನ್ನ ಹೊಟ್ಟೆಪಾಡೇ ಅದು.

ಮುಂದಿನ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಹತ್ತಕ್ಕೆ ಲ್ಯಾಪ್‌ಟಾಪ್ ತಂದು ವಿಜ್ಞಾನ ಕೊಠಡಿಯಲ್ಲಿ ಕೂತಿರುತ್ತೇನೆ. ಹೆಡ್‌ಮಾಸ್ಟರ್ ಒಪ್ಪಿದ್ದಾರೆ. ನೀವು ಒಂದು ಹಾಳೆ ತನ್ನಿ. ಮನೆಯಲ್ಲಿ ಅಮ್ಮ ಯಾವ ಕೆಲಸಕ್ಕೆ ದಿನಾ ಗೊಣಗುತ್ತಾರೆ, ಅಷ್ಟು ಬರೆದುಕೊಂಡು ಬಂದರೆ ಸಾಕು, ಉಳಿದದ್ದು ಕೂತು ನೋಡೋಣ.